ನೀಲಿ ಪರದೆಯ ಪಾಠ

ಹಳ್ಳಿಯಿಂದ ಹಾಸನಕ್ಕೋ ಬೆಂಗಳೂರಿಗೋ ಬಂದು ಕಾಲೇಜು ಸೇರಿದ ಒಂದು ತಲೆಮಾರಿಗೆ ಪ್ರೋಗ್ರಾಮಿಂಗ್ ಎಂದರೆ ನೀಲಿ ಪರದೆ, ಅದರ ಮೇಲೆ ಹಳದಿ ಅಕ್ಷರ. ಕಂಟ್ರೋಲ್ ಎಫ್9 ಒತ್ತಿದರೆ ಪ್ರೋಗ್ರಾಮ್ ಓಡುತ್ತಿತ್ತು, ಆಲ್ಟ್ ಎಫ್5 ಒತ್ತಿದರೆ ಉತ್ತರ ಕಾಣುತ್ತಿತ್ತು. ಅದು ಟರ್ಬೊ ಸಿ. ಉಪಕರಣವನ್ನು ವಿದ್ಯಾರ್ಥಿ ಆರಿಸಿದ್ದಲ್ಲ, ಲ್ಯಾಬಿನಲ್ಲಿ ಇದ್ದದ್ದೇ ಅದು. ಹಾಗಾಗಿ ಸಿ ಭಾಷೆಯೆಂದರೆ ಆ ಪರದೆಯೇ ಎಂದು ನಂಬಿದವರು ಬಹಳ.

ಎರಡಕ್ಕೂ ಹುಟ್ಟಿನ ನಂಟಿಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಭಾಷೆಯನ್ನು ರೂಪಿಸಿದ್ದು ಯುನಿಕ್ಸ್‌ನ ಜೊತೆಜೊತೆಗೆ. ಬೋರ್ಲೆಂಡ್ ಕಂಪನಿಯ ಟರ್ಬೊ ಸಿ ಬಂದದ್ದು 1987ರಲ್ಲಿ. ಬರೆಯುವುದು, ಕಂಪೈಲ್ ಮಾಡುವುದು, ತಪ್ಪು ಹುಡುಕುವುದು ಎಲ್ಲವೂ ಒಂದೇ ಪರದೆಯಲ್ಲಿ, ಡಾಸ್‌ನ 640 ಕಿಲೋಬೈಟ್ ಮಿತಿಯೊಳಗೆ. ಬಡ ಲ್ಯಾಬಿಗೆ ಅದು ವರವೇ ಆಗಿತ್ತು. ಅದೇ ವರ್ಷ ರಿಚರ್ಡ್ ಸ್ಟಾಲ್ಮನ್ ಜಿಸಿಸಿ ಕಂಪೈಲರನ್ನು ಎಲ್ಲರಿಗೂ ಮುಕ್ತವಾಗಿ ಬಿಡುಗಡೆ ಮಾಡಿದರು. ಅದು ನಮ್ಮ ತರಗತಿಗಳನ್ನು ತಲುಪಿದ್ದು ತೀರ ತಡವಾಗಿ.

ಅಷ್ಟರಲ್ಲಿ ಅಭ್ಯಾಸಗಳು ಬೇರೂರಿದ್ದವು. ಪರದೆ ಒರೆಸುವ ಕ್ಲಿಯರ್-ಸ್ಕ್ರೀನ್ ಆದೇಶ ಡಾಸ್ ಕಂಪೈಲರುಗಳದ್ದು, ಸಿ ಭಾಷೆಯ ಪ್ರಮಾಣದಲ್ಲಿ ಅದಿಲ್ಲ. ಟರ್ಬೊ ಸಿ‌ಯಲ್ಲಿ ಪೂರ್ಣಾಂಕಕ್ಕೆ 16 ಬಿಟ್ ಮಾತ್ರ. 32767ಕ್ಕೆ ಒಂದು ಕೂಡಿಸಿದರೆ ಬರುವುದು ಮೈನಸ್ 32768. ಒಂದು ತಾಲ್ಲೂಕಿನ ಜನಸಂಖ್ಯೆ ಕೂಡಿಸಹೊರಟ ಹುಡುಗಿಗೆ ಋಣಸಂಖ್ಯೆ ಬಂದರೆ ಅವಳು ಉಪಕರಣವನ್ನು ಅನುಮಾನಿಸುವುದಿಲ್ಲ, ತನ್ನ ತಲೆಯನ್ನೇ ಅನುಮಾನಿಸುತ್ತಾಳೆ. ಕನ್ನಡ ಮಾಧ್ಯಮದಿಂದ ಬಂದವಳಾದರೆ ಇನ್ನೂ ಹೆಚ್ಚು. ನಷ್ಟವಾದದ್ದು ಅಲ್ಲಿ. 64 ಬಿಟ್ ವಿಂಡೋಸ್ ಬಂದು 16 ಬಿಟ್ ಪ್ರೋಗ್ರಾಮುಗಳು ಓಡುವುದೇ ನಿಂತಾಗಲೂ ನಾವು ಡಾಸ್‌ಬಾಕ್ಸ್ ಹಾಕಿಕೊಂಡು ಆ ನೀಲಿ ಪರದೆಯನ್ನೇ ಮತ್ತೆ ಎಬ್ಬಿಸಿದೆವು.

ಇನ್ನೊಂದು ಕೊರತೆ ನಮ್ಮದೇ. ಹೇಮಾವತಿ ಜಲಾಶಯ ತುಂಬಿದಾಗ ಅರ್ಧ ಮುಳುಗುವ ಹಳೆಯ ಚರ್ಚಿನ ಊರು ಶೆಟ್ಟಿಹಳ್ಳಿ. ಅಲ್ಲಿಯ ಮಗು ಮೊದಲ ಪ್ರೋಗ್ರಾಮಿನಲ್ಲಿ ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಮೂಡಿಸಬಯಸಿದ್ದರೆ ಡಾಸ್ ಪರದೆಯಲ್ಲಿ ಆ ಅಕ್ಷರಗಳೇ ಇರಲಿಲ್ಲ. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತ್ತು, ಲ್ಯಾಬಿನಲ್ಲಿ ಸಿಕ್ಕಿರಲಿಲ್ಲ. ಇಂದು ಜಿಸಿಸಿಯಲ್ಲಿ ಬರೆದರೆ 'ಶೆಟ್ಟಿಹಳ್ಳಿ' ಮೂಡುತ್ತದೆ. ಅದರ ಉದ್ದ ಕೇಳಿದರೆ ಸಿ 33 ಎನ್ನುತ್ತದೆ. ನಾವು ಓದುವ ಅಕ್ಷರ ನಾಲ್ಕು, ಯುನಿಕೋಡ್ ಎಣಿಸುವ ಸಂಕೇತ ಹನ್ನೊಂದು, ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್. ಇಷ್ಟು ದೊಡ್ಡ ಪಾಠ ಒಂದು ಊರಿನ ಹೆಸರಿನಲ್ಲೇ ಅಡಗಿದೆ.

ಹೊಸ ಭಾಷೆ ಕಲಿಯಲು ಕೂರುವವರು ಯಾವ ಉಪಕರಣ ಒಳ್ಳೆಯದೆಂದು ಕೇಳುತ್ತಾರೆ. ಸರಳವಾದದ್ದನ್ನೇ ಹಿಡಿಯಲಿ, ತಪ್ಪಿಲ್ಲ. ಆದರೆ ಮೊದಲ ವಾರದಲ್ಲೇ ಅದೇ ಪ್ರೋಗ್ರಾಮನ್ನು ಇನ್ನೊಂದು ಕಂಪೈಲರಿನಲ್ಲೂ ಓಡಿಸಿ ನೋಡಲಿ. ಉತ್ತರ ಬೇರೆಯಾದ ಕಡೆಯಲ್ಲಿ ಭಾಷೆ ಎಲ್ಲಿ ಮುಗಿಯಿತು, ಉಪಕರಣ ಎಲ್ಲಿ ಶುರುವಾಯಿತು ಎಂಬುದು ಗೊತ್ತಾಗುತ್ತದೆ. ನಮಗೆ ಅದನ್ನು ಯಾರಾದರೂ ಆಗಲೇ ಹೇಳಿದ್ದರೆ, ದಡ್ಡರೆಂದು ತಮ್ಮನ್ನು ತಾವೇ ಬೈದುಕೊಂಡು ಲ್ಯಾಬಿನಿಂದ ಎದ್ದುಹೋದವರಲ್ಲಿ ಕೆಲವರಾದರೂ ಉಳಿಯುತ್ತಿದ್ದರು.