ನಾಯಿಗಳಲ್ಲಿ ಕಣ್ಣುಗುಡ್ಡೆಯ ಅದುರಾಟ

ತಲೆ ಅಲುಗದಿದ್ದರೂ ನಾಯಿಯ ಕಣ್ಣುಗುಡ್ಡೆಗಳು ತಾವಾಗಿಯೇ ಒಂದು ಲಯದಲ್ಲಿ ಅತ್ತಿತ್ತ ಹೊರಳುವ ಲಕ್ಷಣ. ವೈದ್ಯರು ಇದನ್ನು ನಿಸ್ಟಾಗ್ಮಸ್ ಎನ್ನುತ್ತಾರೆ. ಇದು ರೋಗವಲ್ಲ, ಕಣ್ಣು, ಒಳಕಿವಿ ಅಥವಾ ಮಿದುಳಿನ ದೋಷದ ಸೂಚನೆ. ತಲೆಯನ್ನು ಪಕ್ಕಕ್ಕೆ ತಿರುಗಿಸುವಾಗ ಆರೋಗ್ಯವಂತ ನಾಯಿಯ ಕಣ್ಣೂ ಕೆಲಕ್ಷಣ ಹೀಗೆ ಆಡುತ್ತದೆ, ಅದು ಸಹಜ.

ನೋಟ ಒಂದೆಡೆ ನಿಲ್ಲಲು ಅಕ್ಷಿಪಟ ಕಳಿಸುವ ಚಿತ್ರವೂ ಬೇಕು, ಒಳಕಿವಿ ಕಳಿಸುವ ಸಮತೋಲದ ಸುಳಿವೂ ಬೇಕು. ಇವೆರಡರಲ್ಲಿ ಯಾವುದು ತಪ್ಪಿದೆ ಎಂಬುದರ ಮೇಲೆ ಅದುರಾಟದ ಬಗೆ ನಿರ್ಧಾರವಾಗುತ್ತದೆ.

ದೃಷ್ಟಿದೋಷದಿಂದ ಬರುವ ಅದುರಾಟದಲ್ಲಿ ಗುಡ್ಡೆಗಳು ಗೋಡೆ ಗಡಿಯಾರದ ಲೋಲಕದಂತೆ ಎರಡೂ ಕಡೆಗೆ ಒಂದೇ ವೇಗದಲ್ಲಿ ತೂಗುತ್ತವೆ. ಕೆಲವು ಕುರುಡು ಮರಿಗಳಲ್ಲಿ ಲಯವೂ ಇರುವುದಿಲ್ಲ. ಏನನ್ನೋ ಹುಡುಕುವಂತೆ ಕಣ್ಣು ನಿಧಾನವಾಗಿ ಅಲೆದಾಡುತ್ತದೆ. ಇಲ್ಲಿ ವಯಸ್ಸೇ ಮುಖ್ಯ. ಮರಿಗಳು ಹುಟ್ಟಿದ 10ರಿಂದ 14 ದಿನಗಳಲ್ಲಿ ಕಣ್ಣು ಬಿಡುತ್ತವೆ. ನೋಟ ನಿಲ್ಲಿಸುವುದನ್ನು ಮಿದುಳು ಕಲಿಯುವುದು ಆಮೇಲಿನ ವಾರಗಳಲ್ಲಿ. ಹುಟ್ಟುಪೊರೆ, ಕಿರುಗಣ್ಣು, ಅಕ್ಷಿಪಟದ ವಿಕಾಸದೋಷ ಇರುವ ಮರಿಗೆ ಆ ಕಲಿಕೆ ಕೈಗೂಡುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪೊರೆ ಬಂದು ಮುಪ್ಪಿನಲ್ಲಿ ಕುರುಡಾದ ನಾಯಿಯ ಕಣ್ಣು ಸಾಮಾನ್ಯವಾಗಿ ಅದುರುವುದಿಲ್ಲ. ಆದ್ದರಿಂದ ದೊಡ್ಡ ನಾಯಿಯಲ್ಲಿ ಹೊಸದಾಗಿ ಅದುರಾಟ ಕಂಡರೆ ಕುರುಡುತನವನ್ನು ದೂರುವ ಮೊದಲು ಕಿವಿ ಮತ್ತು ಮಿದುಳನ್ನು ನೋಡಬೇಕು.

ಈ ವಿಷಯದಲ್ಲಿ ಬ್ರಿಯಾರ್ ತಳಿಯ ಕಥೆ ದೊಡ್ಡದು. ಆರ್‌ಪಿಇ65 ಎಂಬ ಜೀನ್ ಕೆಟ್ಟ ಈ ನಾಯಿಗಳು ಮರಿಯಿದ್ದಾಗಿನಿಂದಲೇ ಸರಿಯಾಗಿ ಕಾಣವು, ಹಲವಕ್ಕೆ ಕಣ್ಣೂ ಅದುರುತ್ತದೆ. 2001ರಲ್ಲಿ ಅಮೆರಿಕದ ವಿಜ್ಞಾನಿಗಳು ಅಕ್ಷಿಪಟದ ಕೆಳಗೆ ಸರಿಯಾದ ಜೀನ್ ಚುಚ್ಚಿ ದೃಷ್ಟಿ ಮರಳಿಸಿದರು. ಲ್ಯಾನ್ಸಲಾಟ್ ಎಂಬ ನಾಯಿ ಹೆಸರಾಯಿತು. ಚಿಕಿತ್ಸೆ ಪಡೆದ ನಾಯಿಗಳಲ್ಲಿ ಅದುರಾಟವೂ ತಗ್ಗಿದ್ದು ಮುಂದೆ ದಾಖಲಾಯಿತು. ಇದೇ ದಾರಿಯ ಔಷಧಕ್ಕೆ 2017ರಲ್ಲಿ ಮನುಷ್ಯರ ಬಳಕೆಗೂ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಬೆಲ್ಜಿಯನ್ ಶೀಪ್‌ಡಾಗ್‌ಗಳಲ್ಲಿ ಎರಡು ಕಣ್ಣುಗಳ ದೃಷ್ಟಿನರಗಳು ಮಿದುಳಿನ ಬುಡದಲ್ಲಿ ಕೂಡದೇ ಹೋಗುವ ಅಪರೂಪದ ದೋಷವುಂಟು. ಆಗ ಒಂದು ಕಣ್ಣು ಮೇಲೇರಿದರೆ ಇನ್ನೊಂದು ಕೆಳಗಿಳಿಯುತ್ತದೆ.

ಸಮತೋಲ ತಪ್ಪಿದಾಗಿನ ಅದುರಾಟ ಬೇರೆ ಬಗೆಯದು: ಒಂದು ಕಡೆಗೆ ಮೆಲ್ಲಗೆ ಸರಿದ ಕಣ್ಣು ಇನ್ನೊಂದು ಕಡೆಗೆ ತಟ್ಟನೆ ಜಿಗಿಯುತ್ತದೆ. ಒಳಕಿವಿಯ ದೋಷವಾದರೆ ತಲೆ ಸಾಮಾನ್ಯವಾಗಿ ರೋಗವಿದ್ದ ಕಡೆಗೆ ವಾಲುತ್ತದೆ, ಜಿಗಿತ ಅದರ ಎದುರು ಕಡೆಗೆ. ನಾಯಿ ಬೀಳುತ್ತದೆ, ವಾಂತಿ ಮಾಡುತ್ತದೆ. ಮುದಿ ನಾಯಿಗಳಲ್ಲಿ ಇದು ಏಕಾಏಕಿ ಬಂದಾಗ ಮನೆಯವರು ಲಕ್ವಾ ಹೊಡೆಯಿತೆಂದು ಗಾಬರಿಯಾಗುತ್ತಾರೆ. ಆದರೆ ಕಾರಣ ತಿಳಿಯದೆ ಬರುವ ಈ ಬಗೆಯಲ್ಲಿ ಅದುರಾಟ ಹೆಚ್ಚಾಗಿ ಕೆಲವೇ ದಿನಗಳಲ್ಲಿ ಇಳಿದು, ನಾಯಿ ಎರಡು ಮೂರು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಕಣ್ಣು ಮೇಲೆ ಕೆಳಗೆ ಜಿಗಿದರೆ ಮಿದುಳಿನ ಬಗ್ಗೆ ಶಂಕಿಸಬೇಕು. ಮೆಟ್ರೋನಿಡಜೋಲ್ ಮಾತ್ರೆ ಹೆಚ್ಚಾದರೂ ಹೀಗಾಗುತ್ತದೆ. ಡಿಸ್ಟೆಂಪರ್ ಎಂಬ ರೋಗ ದೃಷ್ಟಿ, ಸಮತೋಲ ಎರಡಕ್ಕೂ ಕೈಹಾಕುತ್ತದೆ. ಅಕ್ಷಿಪಟ, ದೃಷ್ಟಿನರಗಳನ್ನೂ ಕೆಡಿಸುತ್ತದೆ, ಮಿದುಳನ್ನೂ ಹಿಡಿಯುತ್ತದೆ. ಅದಕ್ಕೆ ಲಸಿಕೆ ಇದೆ.

ನಾಯಿಗೆ ಕಾಣುತ್ತದೆಯೇ ಎಂಬುದನ್ನು ಅರಿಯಲು ಹತ್ತಿಯ ಉಂಡೆ ಸಾಕು. ಕಣ್ಣ ಮುಂದೆ ಬಿಟ್ಟರೆ ಅದು ಸದ್ದಿಲ್ಲದೆ ಬೀಳುತ್ತದೆ. ಕಾಣುವ ನಾಯಿ ಕಣ್ಣಲ್ಲೇ ಹಿಂಬಾಲಿಸುತ್ತದೆ. ಕೈ ಬೀಸಿ ಹೆದರಿಸಿ ನೋಡುವುದೂ ಉಂಟು, ಆದರೆ ಗಾಳಿ ತಾಗಿದರೆ ಕುರುಡು ನಾಯಿಯೂ ರೆಪ್ಪೆ ಮುಚ್ಚುತ್ತದೆ. ಸುಮಾರು ಮೂರು ತಿಂಗಳೊಳಗಿನ ಮರಿ, ಕಣ್ಣು ಸರಿಯಿದ್ದರೂ, ಈ ಪರೀಕ್ಷೆಗೆ ರೆಪ್ಪೆ ಬಡಿಯದಿರಬಹುದು. ಪಾಪೆ ಬೆಳಕಿಗೆ ಕುಗ್ಗಿತೆಂದ ಮಾತ್ರಕ್ಕೆ ದೃಷ್ಟಿ ಇದೆಯೆಂದಲ್ಲ. ಅಕ್ಷಿಪಟದ ವಿದ್ಯುತ್ ಪರೀಕ್ಷೆ, ಮಿದುಳಿನ ಸ್ಕ್ಯಾನ್ ಮುಂದಿನ ಹಂತದವು.

ಇಂಥ ನಾಯಿಯನ್ನು ತೋರಿಸಲು ನೌಬಾದ, ಭಾಲ್ಕಿ, ಔರಾದ ಕಡೆಯವರಿಗೆ ಊರಿನ ದನದ ದವಾಖಾನೆಯ ಆಚೆಗೆ ಬೀದರಿನ ನಂದಿನಗರದ ಪಶುವೈದ್ಯಕೀಯ ಮಹಾವಿದ್ಯಾಲಯವೇ ಸಮೀಪ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೂ ಅಲ್ಲೇ. ಇದೇ ವಿಶ್ವವಿದ್ಯಾಲಯ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಮುಧೋಳ ನಾಯಿಯ ಸಂಶೋಧನಾ ಕೇಂದ್ರ ನಡೆಸುತ್ತದೆ. ಕಣ್ಣನ್ನೇ ನಂಬಿ ಬೇಟೆಯಾಡುವ ಇಂಥ ತಳಿಗಳಲ್ಲಿ, ಹುಟ್ಟಿನಿಂದ ಕಣ್ಣು ಅದುರುವ ನಾಯಿಯನ್ನು ಮರಿ ಹಾಕಿಸಲು ಬಳಸಬಾರದು.

ಅದುರಾಟಕ್ಕೆಂದೇ ಔಷಧವಿಲ್ಲ, ಮೂಲ ಕಾರಣಕ್ಕೆ ಚಿಕಿತ್ಸೆ. ಕಿವಿಯ ತಮಟೆ ಹರಿದಿದ್ದರೆ ಕೆಲವು ಕಿವಿಹನಿಗಳು ಒಳಕಿವಿಯನ್ನೇ ಕೆಡಿಸುವುದರಿಂದ, ವೈದ್ಯರು ಕಿವಿ ಪರೀಕ್ಷಿಸುವ ತನಕ ಹನಿ ಹಾಕಬಾರದು. ಕಣ್ಣು ಅದುರುತ್ತಿರುವಾಗಲೇ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ದವಾಖಾನೆ ಮುಟ್ಟುವಷ್ಟರಲ್ಲಿ ಅದು ನಿಂತುಹೋಗುವುದುಂಟು.