ಪರೀಕ್ಷೆಗೆ ಮುಂಚಿನ ನಾಲ್ಕು ತಿಂಗಳು

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ನೋಟಿಸ್ ಬೋರ್ಡಿಗೆ ಒಂದು ಪಟ್ಟಿ ಬರುತ್ತದೆ: ಹಾಜರಾತಿ ಶೇ. 75 ಮುಟ್ಟದವರದ್ದು. ಅರಸೀಕೆರೆಯಾಗಲಿ, ಬೇಲೂರಾಗಲಿ, ಹಳೇಬೀಡಾಗಲಿ, ಅದರಲ್ಲಿ ತೋಟದ ಕೆಲಸಕ್ಕೆ ನಿಂತವರು, ಬಸ್ಸು ತಪ್ಪಿಸಿಕೊಂಡವರು, ಓದೇ ಬೇಡವೆನಿಸಿದವರು ಎಲ್ಲರೂ ಇರುತ್ತಾರೆ. ಇವರ ನಡುವೆ ಇನ್ನೊಂದು ಬಗೆಯವರೂ ಸೇರಿಹೋಗಿರುತ್ತಾರೆ. ಪಾಠ ಅರ್ಥವಾಗುತ್ತದೆ, ಕೇಳಿದರೆ ಉತ್ತರ ಹೇಳುತ್ತಾರೆ. ಆದರೆ ರಾತ್ರಿಯೆಲ್ಲಾ ಕೂತು ಬರೆದ ಅಸೈನ್‌ಮೆಂಟನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ, ಪರೀಕ್ಷಾ ಶುಲ್ಕದ ಕೊನೆಯ ದಿನ ಮರೆಯುತ್ತಾರೆ, ಮೂರು ಗಂಟೆಯ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗೇ ಒಂದು ಗಂಟೆ ಸುರಿದುಬಿಡುತ್ತಾರೆ. ಮನೆಯಲ್ಲಿ ಇವರಿಗೆ ಸೋಮಾರಿ ಎನ್ನುತ್ತಾರೆ, ಕಾಲೇಜಿನಲ್ಲಿ ಕೇರ್‌ಲೆಸ್ ಎನ್ನುತ್ತಾರೆ. ಇವರಲ್ಲಿ ಕೆಲವರಿಗಾದರೂ ಇರುವುದು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ.

ಇದನ್ನು ಬಹುಕಾಲ ಮಕ್ಕಳ ಕಾಯಿಲೆ ಎಂದೇ ನಂಬಿದ್ದರು. ಒಂದೆಡೆ ನಿಲ್ಲದ, ಹೇಳಿದ್ದನ್ನು ಕೇಳಿಸಿಕೊಳ್ಳದ ಮಕ್ಕಳ ಬಗ್ಗೆ ಜಾರ್ಜ್ ಸ್ಟಿಲ್ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟದ್ದು 1902ರಲ್ಲಿ. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧಿ ಕೊಟ್ಟು ನೋಡಿದಾಗ ಅಂಥ ಮಕ್ಕಳು ಕೂತು ಲೆಕ್ಕ ಮಾಡತೊಡಗಿದರು. ಅಮೆರಿಕದ ಮನೋವೈದ್ಯರ ಕೈಪಿಡಿ 1968ರಲ್ಲಿ ಇದನ್ನು ಬಾಲ್ಯದ ಅತಿಚಟುವಟಿಕೆ ಎಂದು ಕರೆಯಿತು. 1980ರಲ್ಲಿ ಗಮನದ ಕೊರತೆಗೆ ಮೊದಲ ಸ್ಥಾನ ಸಿಕ್ಕಿತು, 1987ರಲ್ಲಿ ಈಗಿನ ಹೆಸರು ಬಂತು. ಕಾಲೇಜಿನವರ ಪಾಲಿಗೆ ಮುಖ್ಯವಾದ ತಿದ್ದುಪಡಿ 2013ರದ್ದು. ಲಕ್ಷಣಗಳು ಏಳು ವರ್ಷದೊಳಗೆ ಕಾಣಿಸಿರಬೇಕು ಎಂಬ ನಿಯಮ ಸಡಿಲಗೊಂಡು ಹನ್ನೆರಡಕ್ಕೆ ಏರಿತು. ಹದಿನೇಳು ತುಂಬಿದವರಿಗೆ ಆರರ ಬದಲು ಐದು ಲಕ್ಷಣ ಸಾಕೆಂದಾಯಿತು. ಕುಣಿದಾಡದೆ ಹಿಂದಿನ ಬೆಂಚಿನಲ್ಲಿ ಕಿಟಕಿ ನೋಡುತ್ತಾ ಕೂರುವ ಹುಡುಗಿಗೂ ಇದು ಇರಬಹುದು ಎಂಬ ಅರಿವು ಬಂದದ್ದೂ ತಡವಾಗಿ. ಯಾರಿಗೂ ತೊಂದರೆ ಕೊಡದವಳನ್ನು ಡಾಕ್ಟರ ಬಳಿ ಯಾರು ಕಳಿಸುತ್ತಾರೆ?

ಕಾಲೇಜಿನ ನೆರವು ಮೊದಲು ಹುಟ್ಟಿದ್ದು ಕಾನೂನಿನಿಂದ. ಅಮೆರಿಕದ 1973ರ ಪುನರ್ವಸತಿ ಕಾಯ್ದೆಯ 504ನೇ ಕಲಮು, ಆಮೇಲೆ 1990ರ ಅಂಗವಿಕಲರ ಕಾಯ್ದೆ, ಇವೆರಡರ ಒತ್ತಡಕ್ಕೆ ವಿಶ್ವವಿದ್ಯಾಲಯಗಳು ಅಂಗವಿಕಲರ ಸೇವಾ ಕಚೇರಿ ತೆರೆದವು. ಅರಿಜೋನಾ ವಿಶ್ವವಿದ್ಯಾಲಯದ ಸಾಲ್ಟ್ ಕೇಂದ್ರ 1980ರಲ್ಲಿ, ವರ್ಮಾಂಟಿನ ಲ್ಯಾಂಡ್‌ಮಾರ್ಕ್ ಕಾಲೇಜು 1985ರಲ್ಲಿ ಶುರುವಾದದ್ದು ಕಲಿಕಾ ನ್ಯೂನತೆಯವರಿಗಾಗಿ. ಎಡಿಎಚ್‌ಡಿಯವರು ಅದೇ ಬಾಗಿಲಿನಿಂದ ಒಳಗೆ ಬಂದರು. ಸಿಕ್ಕ ನೆರವು ಮಾಮೂಲಿನದು: ಹೆಚ್ಚುವರಿ ಸಮಯ, ಪ್ರತ್ಯೇಕ ಕೊಠಡಿ, ನೋಟ್ಸ್ ಬರೆದುಕೊಡುವವರು.

ಹೆಚ್ಚುವರಿ ಸಮಯದ ಮೇಲಿನ ನಂಬಿಕೆ ಅಲುಗಾಡಿದ್ದು ಸಂಶೋಧಕರು ಅಳೆದು ನೋಡಿದ ಮೇಲೆ. ಸಮಯ ಹೆಚ್ಚು ಕೊಟ್ಟರೆ ಎಡಿಎಚ್‌ಡಿ ಇಲ್ಲದವರಿಗೂ ಅಷ್ಟೇ ಲಾಭವಾಗುತ್ತಿತ್ತು. ಸೋಲು ನಡೆದದ್ದು ಪರೀಕ್ಷೆಯ ದಿನವಲ್ಲ, ಅದಕ್ಕೆ ಮುಂಚಿನ ನಾಲ್ಕು ತಿಂಗಳಲ್ಲಿ. ಪಿಯುಸಿವರೆಗೆ ಅಮ್ಮ ಎಬ್ಬಿಸುತ್ತಾಳೆ, ಟ್ಯೂಷನ್ನಿನವರು ಕೂರಿಸಿ ಓದಿಸುತ್ತಾರೆ, ವಾರಕ್ಕೊಂದು ಟೆಸ್ಟ್ ಇರುತ್ತದೆ. ಡಿಗ್ರಿಗೆ ಬಂದೊಡನೆ ಇದೆಲ್ಲಾ ಒಟ್ಟಿಗೇ ಕಳಚಿಬೀಳುತ್ತದೆ. ರಸೆಲ್ ಬಾರ್ಕ್ಲಿಯಂಥ ತಜ್ಞರು ಹೇಳುತ್ತಾ ಬಂದದ್ದೂ ಇದನ್ನೇ: ಇದು ತಿಳಿವಳಿಕೆಯ ಕೊರತೆಯಲ್ಲ, ತಿಳಿದದ್ದನ್ನು ಹೊತ್ತಿಗೆ ಸರಿಯಾಗಿ ಮಾಡಲಾಗದ ತೊಡಕು.

ಹಾಗಾಗಿ ಸಂಶೋಧಕರ ಒಲವು ತರಬೇತಿಯತ್ತ ಹೊರಳಿತು. ಬಾಸ್ಟನ್ನಿನಲ್ಲಿ ಸ್ಟೀವನ್ ಸಾಫ್ರೆನ್ ತಂಡ ವಯಸ್ಕರಿಗಾಗಿ ರೂಪಿಸಿದ ಚಿಕಿತ್ಸೆಯ ಮೊದಲ ಪಾಠ ಒಂದು ಕ್ಯಾಲೆಂಡರ್, ಒಂದು ನೋಟ್‌ಬುಕ್. ಗ್ರೀನ್ಸ್‌ಬರೊದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಅನಾಸ್ಟೊಪೌಲೋಸ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಗೆಂದೇ ‘ಆಕ್ಸೆಸ್’ ಕಾರ್ಯಕ್ರಮ ಕಟ್ಟಿದರು. ಒಂದು ಸೆಮಿಸ್ಟರಿನಲ್ಲಿ ಎಂಟು ವಾರ ಗುಂಪಿನ ತರಗತಿ, ಜೊತೆಗೆ ಒಬ್ಬೊಬ್ಬರಿಗೂ ಒಬ್ಬ ಮಾರ್ಗದರ್ಶಕ. ಮುಂದಿನ ಸೆಮಿಸ್ಟರಿನಲ್ಲಿ ಹಿಡಿತ ಸಡಿಲಿಸಿ ಆಗಾಗ ವಿಚಾರಣೆ. ಮಾರ್ಗದರ್ಶಕ ಪಾಠ ಹೇಳುವುದಿಲ್ಲ. ಹೋದ ವಾರ ಬರೆದುಕೊಂಡ ಪಟ್ಟಿ ತೆಗೆಸಿ, ಆಗದೆ ಉಳಿದ ಕೆಲಸ ಎಲ್ಲಿ ನಿಂತಿತು ಎಂದು ಕೇಳುತ್ತಾನೆ, ಅದನ್ನು ಮೂರು ತುಂಡು ಮಾಡಿಸುತ್ತಾನೆ, ಮೊದಲ ತುಂಡಿಗೆ ದಿನ, ಗಂಟೆ ಬರೆಸುತ್ತಾನೆ. ಸುಮಾರು 250 ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಗಮನದ ತೊಂದರೆ ತಗ್ಗಿತ್ತು, ಕೆಲಸ ಯೋಜಿಸುವ ಶಕ್ತಿ ಸುಧಾರಿಸಿತ್ತು.

ನಮ್ಮಲ್ಲಿ ದಾರಿ ಬೇರೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳೇ ನ್ಯೂನತೆಗಳಿದ್ದವು. ಕಲಿಕಾ ನ್ಯೂನತೆಗೆ ಮಹಾರಾಷ್ಟ್ರ ಸರ್ಕಾರ 1996ರಲ್ಲೇ ಪರೀಕ್ಷಾ ರಿಯಾಯಿತಿ ಕೊಟ್ಟಿತು. ಕರ್ನಾಟಕದಲ್ಲಿ ನಿಮ್ಹಾನ್ಸ್ ತನ್ನದೇ ಕಲಿಕಾ ನ್ಯೂನತೆ ಪರೀಕ್ಷಾ ಮಾಲೆಯನ್ನು ರೂಪಿಸಿತು. ಶೋಭಾ ಶ್ರೀನಾಥ್ ಮತ್ತು ಸಹೋದ್ಯೋಗಿಗಳು ಬೆಂಗಳೂರಿನ ನಗರ, ಕೊಳೆಗೇರಿ, ಹಳ್ಳಿಗಳ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 12.5ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಗಮನಿಸಿ, ಇವೆಲ್ಲಾ ಮಕ್ಕಳ ಕಥೆ. ಹದಿನೆಂಟು ತುಂಬಿದವರು ಎಲ್ಲಿಗೆ ಹೋದರು ಎಂಬ ಪ್ರಶ್ನೆ ಆಗ ಎದ್ದೇ ಇರಲಿಲ್ಲ.

2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿತು. ಆಟಿಸಂ ಬಂತು, ಕಲಿಕಾ ನ್ಯೂನತೆ ಬಂತು, ಎಡಿಎಚ್‌ಡಿ ಪ್ರತ್ಯೇಕವಾಗಿ ಬರಲಿಲ್ಲ. ಇದರ ಫಲ ವಿಚಿತ್ರ. ಡಿಸ್ಲೆಕ್ಸಿಯಾ ಜೊತೆಗಿದ್ದರೆ ಸರ್ಟಿಫಿಕೇಟ್ ದಾರಿ ಸುಗಮ, ಬರೀ ಎಡಿಎಚ್‌ಡಿಯಾದರೆ ಅಲೆದಾಟ. ಆದರೂ ಅದೇ ಕಾಯ್ದೆ ಅಂಗವಿಕಲರನ್ನು ವ್ಯಾಖ್ಯಾನಿಸುವಲ್ಲಿ ಬಾಗಿಲು ಅಗಲವಾಗಿಯೇ ಇದೆ. ಬೆರಳು ಬಿಗಿಯುವ ತೊಂದರೆಯ ಅಭ್ಯರ್ಥಿಯೊಬ್ಬರು ಕೇಂದ್ರ ಲೋಕಸೇವಾ ಆಯೋಗದ ವಿರುದ್ಧ ಹೂಡಿದ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ, ಶೇ. 40ರ ಅಂಗವೈಕಲ್ಯದ ಗೆರೆ ದಾಟದವರಿಗೂ ಉತ್ತರ ಬರೆದುಕೊಡುವವರ ನೆರವು ಸಲ್ಲಬೇಕೆಂದಿತು. 2022ರ ಆಗಸ್ಟಿನಲ್ಲಿ ಕೇಂದ್ರದ ಮಾರ್ಗಸೂಚಿ ಬಂತು: ಬರೆಯಲು ತೊಡಕಿರುವವರಿಗೆ ಗಂಟೆಗೆ 20 ನಿಮಿಷ ಹೆಚ್ಚು. ಒಳ್ಳೆಯದೇ. ಆದರೆ ಹೊರಗಿನವರು ದಾಟಿ ಬಂದ ಮೆಟ್ಟಿಲಲ್ಲೇ ನಾವು ನಿಂತಿದ್ದೇವೆ ಅನ್ನಿಸುತ್ತದೆ. ನಮ್ಮ ಕಾನೂನಿನ ಕಣ್ಣೆಲ್ಲಾ ಇನ್ನೂ ಪರೀಕ್ಷಾ ಕೊಠಡಿಯ ಮೇಲೆ.

ಈಗ ಹಾಸನ ಜಿಲ್ಲೆಗೆ ಬರೋಣ. ಅರಸೀಕೆರೆ, ಬೇಲೂರು ಎರಡರಿಂದಲೂ ಹಾಸನ ನಲವತ್ತು ಕಿಲೋಮೀಟರ್ ಆಸುಪಾಸು, ಹಳೇಬೀಡಿನಿಂದ ಸ್ವಲ್ಪ ಕಡಿಮೆ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮನೋವೈದ್ಯ ವಿಭಾಗವಿದೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬತೊಡಗಿತು. ಅದರ ಮುಂದುವರಿಕೆಯೇ ಮನೋಚೈತನ್ಯ ಯೋಜನೆ: ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ. ಅಲ್ಲಿಗೆ ಹೋಗುವ ವಿದ್ಯಾರ್ಥಿ ಅಮ್ಮನನ್ನೂ ಹಳೆಯ ಅಂಕಪಟ್ಟಿಗಳನ್ನೂ ಜೊತೆಗೆ ಒಯ್ಯುವುದು ಲೇಸು, ಏಕೆಂದರೆ ಡಾಕ್ಟರು ಕೇಳುವುದೇ ಪ್ರೈಮರಿ ಶಾಲೆಯ ದಿನಗಳ ಸಂಗತಿ. ಔಷಧಿಯದ್ದು ಬೇರೆ ಪೀಕಲಾಟ. ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್‌ಗೆ ಸೇರಿದ್ದು. ವಿಶೇಷ ಪರವಾನಗಿ ಇರುವ ಅಂಗಡಿಯಷ್ಟೇ ಮಾರಬಹುದು, ಚೀಟಿಯ ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು. ಅಟೊಮೊಕ್ಸೆಟಿನ್‌ಗೆ ಈ ಕಟ್ಟುಪಾಡಿಲ್ಲ.

ಗುಳಿಗೆಯಾಚೆ ಮೂರು ಸಂಗತಿ. ರಾಜ್ಯದ ಯುವ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲೆ ಜಿಲ್ಲೆಯಲ್ಲಿ ತೆರೆದ ಯುವಸ್ಪಂದನ ಕೇಂದ್ರಗಳಲ್ಲಿ ಓದಿನ ತೊಂದರೆಯನ್ನೂ ಹೇಳಿಕೊಳ್ಳಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಒಬ್ಬ ಅರ್ಹ ಆಪ್ತಸಮಾಲೋಚಕರಾದರೂ ಇರಬೇಕೆಂದು ಹೇಳಿತು. ಅತಿಥಿ ಉಪನ್ಯಾಸಕರ ಸಂಬಳಕ್ಕೇ ಪರದಾಡುವ ಕಾಲೇಜುಗಳಲ್ಲಿ ಆ ಹುದ್ದೆ ತುಂಬುವುದು ಯಾವಾಗಲೋ.

ಅಲ್ಲಿಯವರೆಗೆ ಕೈಯಲ್ಲಿರುವುದು ಮೆಂಟರ್ ರಿಜಿಸ್ಟರ್. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಅಂಕವಿದೆ ಎಂಬ ಕಾರಣಕ್ಕೆ ವಿದ್ಯಾರ್ಥಿಗಳನ್ನು ಅಧ್ಯಾಪಕರಿಗೆ ಹಂಚಿ, ಪುಸ್ತಕವೊಂದನ್ನು ಇಡುವುದು ರೂಢಿಗೆ ಬಂದಿದೆ. ನ್ಯಾಕ್ ತಂಡ ಬರುವ ಹಿಂದಿನ ವಾರ ಒಂದೇ ಪೆನ್ನಿನಲ್ಲಿ ವರ್ಷದ ಭೇಟಿಗಳನ್ನೆಲ್ಲಾ ತುಂಬುವುದೂ ರೂಢಿಯೇ ಎಂದು ಅಧ್ಯಾಪಕರು ನಕ್ಕು ಒಪ್ಪುತ್ತಾರೆ. ಆದರೂ ಗ್ರೀನ್ಸ್‌ಬರೊದ ಮಾರ್ಗದರ್ಶಕ ಕೂರುವ ಕುರ್ಚಿಗೆ ನಮ್ಮಲ್ಲಿ ಅತಿ ಹತ್ತಿರವಿರುವುದು ಇದೇ. ಹಾಜರಾತಿ ಕೊರತೆಯ ಪಟ್ಟಿ ಹದಿನಾರನೇ ವಾರದ ಬದಲು ನಾಲ್ಕನೇ ವಾರಕ್ಕೆ ಮೆಂಟರ್ ಕೈ ಸೇರಲಿ. ಇವನು ಯಾಕೆ ಬರಲಿಲ್ಲ ಎಂಬುದರ ಜೊತೆಗೆ ಯಾವ ಕೆಲಸ ಎಲ್ಲಿ ನಿಂತಿದೆ ಎಂದೂ ಬರೆಯುವ ಒಂದು ಕಾಲಂ ಇರಲಿ. ಎಂಟು ವಾರ, ವಾರಕ್ಕೆ ಹದಿನೈದು ನಿಮಿಷ. ಇದಕ್ಕೆ ಸರ್ಟಿಫಿಕೇಟ್ ಬೇಡ, ರೋಗದ ಹೆಸರೂ ಬೇಡ. ಬೇಕೆನಿಸಿದವರನ್ನು ಮಂಗಳವಾರದ ಒಪಿಡಿಗೆ ಕಳಿಸಲು ಆಮೇಲೂ ಸಮಯವಿರುತ್ತದೆ. ಇಂಥದ್ದನ್ನು ಸುತ್ತೋಲೆಯಾಗಿ ಹೊರಡಿಸಬೇಕಾದದ್ದು 2023ರಲ್ಲಿ ಹೇಮಗಂಗೋತ್ರಿ ಆವರಣದಲ್ಲಿ ಶುರುವಾದ ಹಾಸನ ವಿಶ್ವವಿದ್ಯಾಲಯ. ಅದನ್ನೇ ಮುಚ್ಚಬೇಕೆಂದು ಸಂಪುಟ ಉಪಸಮಿತಿ 2025ರಲ್ಲಿ ಶಿಫಾರಸು ಮಾಡಿತು. ಸುತ್ತೋಲೆಗೆ ಕಾಯದೆ ಯಾವ ಪ್ರಾಂಶುಪಾಲರೂ ಬರುವ ಸೆಮಿಸ್ಟರಿನಿಂದಲೇ ಆರಂಭಿಸಬಹುದು.