ಅಂತರರಾಷ್ಟ್ರೀಯ ವ್ಯವಹಾರಗಳ ಸ್ನಾತಕೋತ್ತರ ವ್ಯಾಸಂಗ, ಯುರೋಪಿನಲ್ಲಿ

ರಾಜತಾಂತ್ರಿಕತೆ, ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ಅಭಿವೃದ್ಧಿ ನೆರವು, ಪರಂಪರೆ ಸಂರಕ್ಷಣೆ ಮುಂತಾದ ಕ್ಷೇತ್ರಗಳಲ್ಲಿ ಉದ್ಯೋಗ ಬಯಸುವವರು ಯುರೋಪಿನಲ್ಲಿ ಮಾಡುವ ಒಂದು ಅಥವಾ ಎರಡು ವರ್ಷದ ವ್ಯಾಸಂಗ. ಹಾಸನದಂಥ ಜಿಲ್ಲೆಯಿಂದ ಹೊರಡುವ ವಿದ್ಯಾರ್ಥಿಯನ್ನು ಗಮನದಲ್ಲಿಟ್ಟು ಆಯ್ಕೆಯ ಅಂಶಗಳನ್ನು ಇಲ್ಲಿ ಚರ್ಚಿಸಲಾಗಿದೆ.

ಹಿನ್ನೆಲೆ

ವಿಯೆನ್ನಾದ ರಾಜತಾಂತ್ರಿಕ ಅಕಾಡೆಮಿಯ ಮೂಲ, ರಾಣಿ ಮರಿಯಾ ತೆರೇಸಾ 1754ರಲ್ಲಿ ಸ್ಥಾಪಿಸಿದ ಪ್ರಾಚ್ಯ ಅಕಾಡೆಮಿ. ಅಂತರರಾಷ್ಟ್ರೀಯ ರಾಜಕೀಯಕ್ಕೆಂದೇ ಮೊದಲ ಪೀಠ ತೆರೆದದ್ದು ವೇಲ್ಸ್‌ನ ಅಬರಿಸ್ಟ್ವಿತ್‌ನಲ್ಲಿ, 1919ರಲ್ಲಿ. ಜಿನೀವಾದ ಗ್ರಾಜುಯೇಟ್ ಇನ್‌ಸ್ಟಿಟ್ಯೂಟ್ 1927ರದು. ಮಂಗಳೂರಿನ ರಾಜತಾಂತ್ರಿಕ ಬೆನಗಲ್ ನರಸಿಂಗ ರಾವ್ (1887–1953) ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದಾಗ ಇಂಥ ಪದವಿಯೇ ಇರಲಿಲ್ಲ. ಅವರು ಐ.ಸಿ.ಎಸ್. ಮತ್ತು ಕಾನೂನಿನ ದಾರಿಯಲ್ಲಿ ಬಂದವರು. ಕೊರಿಯಾ ಯುದ್ಧ ಸಿಡಿದ 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದರು. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು.

ಉದ್ಯೋಗ ಮತ್ತು ಪದವಿ

ಭಾರತೀಯ ವಿದೇಶಾಂಗ ಸೇವೆಗೆ ಯುರೋಪಿನ ಪದವಿ ಬೇಕಿಲ್ಲ. ಯಾವುದೇ ಪದವೀಧರರು ಯು.ಪಿ.ಎಸ್.ಸಿ. ಪರೀಕ್ಷೆ ಬರೆಯಬಹುದು. ವಿಶ್ವಸಂಸ್ಥೆಯ ವೃತ್ತಿಪರ ಶ್ರೇಣಿಯ ಹುದ್ದೆಗಳ ಮಾತು ಬೇರೆ: ಅಲ್ಲಿ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಮತ್ತು ಕೆಲಸದ ಅನುಭವ ಎರಡನ್ನೂ ಕೇಳುತ್ತಾರೆ. ಜಿನೀವಾ, ಪ್ಯಾರಿಸ್‌ಗಳಲ್ಲಿ ಫ್ರೆಂಚ್ ಬಲ್ಲವರಿಗೆ ಅವಕಾಶ ಹೆಚ್ಚು. ಹೀಗಾಗಿ ವಿಶ್ವವಿದ್ಯಾಲಯದ ರ‍್ಯಾಂಕಿಂಗ್‌ಗಿಂತ ಮೊದಲು ಮುಂದೆ ಸೇರಬೇಕೆಂದಿರುವ ಹುದ್ದೆಯ ಅರ್ಹತಾ ಷರತ್ತು ಓದುವುದು ಲೇಸು.

ಪರಂಪರೆಯ ಶಾಖೆ

ಅಂತರರಾಷ್ಟ್ರೀಯ ವ್ಯವಹಾರವೆಂದರೆ ಯುದ್ಧ, ಒಪ್ಪಂದ, ವಾಣಿಜ್ಯವಷ್ಟೇ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಹಾಸನ ಜಿಲ್ಲೆಯಲ್ಲೇ ಇದಕ್ಕೆ ಎದುರು ಉದಾಹರಣೆ ಸಿಗುತ್ತದೆ. ಬೇಲೂರು, ಹಳೇಬೀಡು ಮತ್ತು ಮೈಸೂರು ಜಿಲ್ಲೆಯ ಸೋಮನಾಥಪುರದ ಹೊಯ್ಸಳ ದೇವಾಲಯಗಳು 2014ರಲ್ಲಿ ತಾತ್ಕಾಲಿಕ ಪಟ್ಟಿ ಸೇರಿ, 2023ರ ಸೆಪ್ಟೆಂಬರಿನಲ್ಲಿ ರಿಯಾದ್‌ನಲ್ಲಿ ನಡೆದ ಸಭೆಯಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಬಂದವು. ಇಂಥ ಮಾನ್ಯತೆಗೆ ನಾಮನಿರ್ದೇಶನದ ಕಡತ, ಗುಡಿಯ ಸುತ್ತಲಿನ ರಕ್ಷಣಾ ವಲಯದ ನಕ್ಷೆ, ನಿರ್ವಹಣಾ ಯೋಜನೆ ಎಲ್ಲವೂ ಸಿದ್ಧವಾಗಬೇಕು. ಯುನೆಸ್ಕೊಗೆ ಸಲಹೆ ನೀಡುವ ಇಕೊಮೊಸ್ ಸಂಸ್ಥೆಯ ತಜ್ಞರು ಬಂದು ಪರಿಶೀಲಿಸಬೇಕು.

ಹಾಸನ ಜಿಲ್ಲೆಯದೇ ಆದ ದೊಡ್ಡಗದ್ದವಳ್ಳಿ ಆ ಮೂರರಲ್ಲಿ ಸೇರಿಲ್ಲ. ವಿಷ್ಣುವರ್ಧನನ ಕಾಲದಲ್ಲಿ, ಸುಮಾರು 1113ರಲ್ಲಿ, ಕುಲ್ಲಹಣ ರಾಹುತನೂ ಅವನ ಪತ್ನಿ ಸಹಜಾದೇವಿಯೂ ಕಟ್ಟಿಸಿದ ಇಲ್ಲಿನ ಲಕ್ಷ್ಮೀದೇವಿ ಗುಡಿ ಹೊಯ್ಸಳರಲ್ಲಿ ಅಪರೂಪದ ಚತುಷ್ಕೂಟ, ಅಂದರೆ ನಾಲ್ಕು ಗರ್ಭಗುಡಿಗಳದು. ಕಾಳಿಯ ಗರ್ಭಗುಡಿಯ ಮುಂದೆ ಎಲುಬು ಎದ್ದು ಕಾಣುವ ಎರಡು ಬೇತಾಳಗಳು ನಿಂತಿವೆ. ಇಂಥ ತಾಣದ ಕಡತ ಬರೆಯಬಲ್ಲವರನ್ನು ತಯಾರು ಮಾಡುವ ಕೋರ್ಸುಗಳು ಬೆರಳೆಣಿಕೆಯಷ್ಟು. ಜರ್ಮನಿಯ ಕಾಟ್‌ಬುಸ್‌ನಲ್ಲಿ ವಿಶ್ವ ಪರಂಪರೆ ಅಧ್ಯಯನದ ಸ್ನಾತಕೋತ್ತರ ಕೋರ್ಸು 1999ರಲ್ಲಿ ಆರಂಭವಾಯಿತು, ಬೋಧನೆ ಇಂಗ್ಲಿಷಿನಲ್ಲಿ. ಬೆಲ್ಜಿಯಂನ ಲ್ಯೂವೆನ್‌ನಲ್ಲಿರುವ ರೇಮಂಡ್ ಲೆಮೇರ್ ಕೇಂದ್ರ 1976ರಲ್ಲಿ ಬ್ರೂಜ್‌ನ ಕಾಲೇಜ್ ಆಫ್ ಯುರೋಪ್‌ನಲ್ಲಿ ಹುಟ್ಟಿ, ಅನಂತರ ಲ್ಯೂವೆನ್‌ಗೆ ಬಂತು. ವಾಸ್ತುಶಿಲ್ಪಿಗಳಿಗೆ, ಎಂಜಿನಿಯರುಗಳಿಗೆ ಹೆಚ್ಚು ಒಗ್ಗುವುದು ಇದೇ.

ಒಂದು ತೊಡಕು ಗಮನಿಸಬೇಕು. ಪರಿಶಿಷ್ಟ ಜಾತಿ ಮೊದಲಾದವರಿಗಾಗಿ ಇರುವ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 2022ರ ನಿಯಮಗಳು ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸದ ವಿಷಯಗಳನ್ನು ಹೊರಗಿಟ್ಟವು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಯೊಬ್ಬರು ತಮ್ಮ ಊರಿನ ಗುಡಿಯನ್ನೇ ಅಧ್ಯಯನಕ್ಕೆ ಆರಿಸಿಕೊಂಡರೆ ಈ ಬಾಗಿಲು ಮುಚ್ಚುತ್ತದೆ. ಸಮರ್ಥನೆಗೆ ನಿಲ್ಲದ ನಿಯಮವಿದು. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ವಿದೇಶ ವ್ಯಾಸಂಗದ ಪ್ರಬುದ್ಧ ಯೋಜನೆಯನ್ನು ಬೇರೆಯಾಗಿ ವಿಚಾರಿಸಬೇಕು.

ಪದವಿಯ ಮಾನ್ಯತೆ

1999ರ ಬೊಲೊನ್ಯಾ ಘೋಷಣೆಯಿಂದ ಬೆಳೆದ ಪದ್ಧತಿಯಲ್ಲಿ ಮೂರು ವರ್ಷದ ಪದವಿಗೆ 180 ಕ್ರೆಡಿಟ್. ಕರ್ನಾಟಕದಲ್ಲಿ 2021–22ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆ 2024–25ರಲ್ಲಿ ಮೂರಕ್ಕೆ ಮರಳಿತು. ಮೂರು ವರ್ಷದ ಬಿ.ಎ.ಯನ್ನು ಎಲ್ಲ ವಿಶ್ವವಿದ್ಯಾಲಯಗಳೂ ಒಂದೇ ರೀತಿ ನೋಡುವುದಿಲ್ಲವಾದ್ದರಿಂದ ಆಯಾ ಕೋರ್ಸಿನ ನಿಯಮವನ್ನೇ ನೋಡಬೇಕು. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ 2022ರ ನವೆಂಬರಿನಿಂದ ಶೈಕ್ಷಣಿಕ ದಾಖಲೆಗಳನ್ನು ದೃಢಪಡಿಸುವ ಎ.ಪಿ.ಎಸ್. ಪ್ರಮಾಣಪತ್ರ ಕಡ್ಡಾಯ. ಬ್ರಿಟನ್ನಿನ ಒಂದು ವರ್ಷದ ಎಂ.ಎ.ಗೆ ಭಾರತದಲ್ಲಿದ್ದ ಮಾನ್ಯತೆಯ ತಕರಾರು 2022ರ ಉಭಯ ದೇಶಗಳ ಒಪ್ಪಂದದಿಂದ ಬಹುಮಟ್ಟಿಗೆ ಬಗೆಹರಿಯಿತು.

ಹಣ

ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನದಲ್ಲಿ ತಿಂಗಳಿಗೆ 1,400 ಯೂರೊ ಸಿಗುತ್ತದೆ, ಬೋಧನಾ ಶುಲ್ಕವಿಲ್ಲ. ಬ್ರಿಟನ್ನಿನ ಚೆವನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕವಿಲ್ಲ, ಆದರೆ ವರ್ಷದ ಖರ್ಚಿಗೆಂದು 11,904 ಯೂರೊವನ್ನು (2024ರ ದರ) ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು.

ಹೊಳೆನರಸೀಪುರ, ಅರಕಲಗೂಡು ಕಡೆಯ ರೈತ ಕುಟುಂಬಗಳು ಎಡವುವುದು ಬ್ಯಾಂಕಿನಲ್ಲಿ. ಸಾಲ ಬಾಕಿಯಾದಾಗ ಅಡಮಾನದ ಆಸ್ತಿಯನ್ನು ಬ್ಯಾಂಕು ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲವಾದ್ದರಿಂದ, ದೊಡ್ಡ ಮೊತ್ತದ ವಿದ್ಯಾಸಾಲಕ್ಕೆ ಹೊಲ, ತೆಂಗಿನ ತೋಟಗಳನ್ನು ಅಡಮಾನವಾಗಿ ಒಪ್ಪಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಮನೆ ಅಥವಾ ಭೂಪರಿವರ್ತನೆಯಾದ ಸೈಟು ಕೇಳುತ್ತವೆ. ಪಹಣಿ ಅಪ್ಪನ ಹೆಸರಲ್ಲಿ, ಮನೆಯ ಖಾತೆ ಇನ್ನೂ ತೀರಿಹೋದ ತಾತನ ಹೆಸರಲ್ಲಿ ಇರುವುದು ಸಾಮಾನ್ಯ. ಪ್ರವೇಶ ಪತ್ರ ಬಂದ ಮೇಲೆ ಖಾತೆ ಬದಲಾವಣೆಗೆ ಓಡಾಡಿದರೆ ಸೆಪ್ಟೆಂಬರಿನ ತರಗತಿ ತಪ್ಪಬಹುದು. ಕೋರ್ಸಿಗೆ ಅರ್ಜಿ ಹಾಕುವ ವರ್ಷವೇ ಈ ಕೆಲಸ ಮುಗಿಸಿಕೊಳ್ಳಬೇಕು.